ಬದಲಿ ಬಂತು, ಕೆಲಸ ಬಂತೇ? ಕಾಸರಗೋಡಿನ ತೋಟದಿಂದ ತರಗತಿಯವರೆಗೆ

ಕೇರಳದ ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗಲೆಲ್ಲ ಹೆತ್ತವರು ಶಾಲೆಯ ಗೇಟಿನ ಮುಂದೆ ನಿಲ್ಲುತ್ತಾರೆ, ಮನವಿ ಕೊಡುತ್ತಾರೆ, ಕೆಲವೊಮ್ಮೆ ವಿಷಯ ನ್ಯಾಯಾಲಯದವರೆಗೂ ಹೋಗುತ್ತದೆ. ಕಡತದಲ್ಲಿ ಮಾತ್ರ ಎಲ್ಲವೂ ಸರಿಯಿರುತ್ತದೆ: ಹುದ್ದೆ ಖಾಲಿ ಇತ್ತು, ಪದವಿ ಇರುವವರೊಬ್ಬರು ಬಂದರು, ಹುದ್ದೆ ತುಂಬಿತು. ಕಡತಕ್ಕೆ ಕಾಣುವುದು ಖಾಲಿ ಕುರ್ಚಿ. ಮಕ್ಕಳಿಗೆ ಬೇಕಾದದ್ದು ಆ ಕುರ್ಚಿಯಲ್ಲಿದ್ದವರು ಮಾಡುತ್ತಿದ್ದ ಕೆಲಸ.

ಒಂದರ ಜಾಗಕ್ಕೆ ಇನ್ನೊಂದನ್ನು ತರುವುದು ನಮ್ಮ ದಿನನಿತ್ಯದ ವ್ಯವಹಾರ. ಹುಣಸೆ ಮುಗಿದರೆ ಪುನರ್ಪುಳಿ (ಕೋಕಂ), ಆಳು ಸಿಗದಿದ್ದರೆ ಯಂತ್ರ, ಗುಡ್ಡೆಗೆ ಕೊರೆದ ಸುರಂಗದ ನೀರು ಸಾಲದಿದ್ದರೆ ಕೊಳವೆಬಾವಿ, ಚೀಟಿಯಲ್ಲಿ ಬರೆದ ಮಾತ್ರೆ ಇಲ್ಲದಿದ್ದರೆ ಇನ್ನೊಂದು ಕಂಪೆನಿಯದ್ದು. ಕೆಲವು ಬದಲಿಗಳು ಚೆನ್ನಾಗಿ ನಡೆಯುತ್ತವೆ, ಕೆಲವು ಊರನ್ನೇ ಹಾಳುಮಾಡುತ್ತವೆ. ಕೆಡುವ ರೀತಿ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಹಳೆಯದು ಸದ್ದಿಲ್ಲದೆ ನಾಲ್ಕು ಕೆಲಸ ಮಾಡುತ್ತಿರುತ್ತದೆ. ಬದಲಿ ತರುವವರು ಅವುಗಳಲ್ಲಿ ಹೆಸರಿರುವ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ.

ಅಡುಗೆಮನೆಯಲ್ಲಿ ಇದು ಬೇಗ ತಿಳಿಯುತ್ತದೆ. ಹುಣಸೆಯ ಹುಳಿ ಮುಖ್ಯವಾಗಿ ಟಾರ್ಟಾರಿಕ್ ಆಮ್ಲದ್ದು. ಜೊತೆಗೆ ಅದರ ತಿರುಳು ಸಾಂಬಾರನ್ನು ಮಂದ ಮಾಡುತ್ತದೆ. ಪುನರ್ಪುಳಿಯ ಸಿಪ್ಪೆ ಹುಳಿ ಕೊಡುತ್ತದೆ, ಕೆಂಪು ಬಣ್ಣ ಕೊಡುತ್ತದೆ, ಮಂದ ಕೊಡುವುದಿಲ್ಲ. ಅದನ್ನು ಹಾಕಿದ ದಿನ ತೆಂಗಿನಕಾಯಿಯ ಅರಪ್ಪು ಸ್ವಲ್ಪ ಹೆಚ್ಚು ಬೇಕು. ಬಿಂಬುಳಿಯದ್ದು (ಬಿಲಿಂಬಿ) ಬೇರೆ ಕಥೆ. ಅದರಲ್ಲಿ ಆಕ್ಸಾಲಿಕ್ ಆಮ್ಲ ಬಹಳ. ಪದಾರ್ಥಕ್ಕೆ ನಾಲ್ಕು ಕಾಯಿ ಹೆಚ್ಚಿ ಹಾಕಿದರೆ ತೊಂದರೆಯಿಲ್ಲ. ಕೊಲೆಸ್ಟರಾಲಿನ ಮಾತ್ರೆಗೆ ಬದಲಿಯೆಂದು ಅದರ ರಸ ಹಿಂಡಿ ಲೋಟಗಟ್ಟಲೆ ಕುಡಿದವರ ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳು ಕಟ್ಟಿ ಡಯಾಲಿಸಿಸ್‌ಗೆ ಹೋದದ್ದು ಕೇರಳದ ವೈದ್ಯಕೀಯ ವರದಿಗಳಲ್ಲೇ ದಾಖಲಾಗಿದೆ. ಹುಳಿಗೆ ಬದಲಿ ಹುಳಿಯಾಗಬಲ್ಲ ಕಾಯಿ ಮದ್ದಿಗೆ ಬದಲಿ ಮದ್ದಾಗಬೇಕೆಂದಿಲ್ಲ.

ಸುಣ್ಣಕ್ಕೆ ಸುಣ್ಣ

ಅಡಿಕೆ ತೋಟಕ್ಕೆ ಬರೋಣ. ಮಳೆಗಾಲದಲ್ಲಿ ಕಾಯಿ ಕೊಳೆಸುವ ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ಮದ್ದು ಮೂಲತಃ ಫ್ರಾನ್ಸಿನ ದ್ರಾಕ್ಷಿಬಳ್ಳಿಯ ಮದ್ದು. 1885ರಲ್ಲಿ ಮಿಲಾರ್ಡೆ ಅದನ್ನು ಜಗತ್ತಿಗೆ ತಿಳಿಸಿದರು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗದ ಬೆನ್ನುಹತ್ತಿ ಈ ಮದ್ದನ್ನು ಅಡಿಕೆಗೆ ತಂದರು. ದ್ರಾಕ್ಷಿಯ ಮದ್ದು ಅಡಿಕೆಗೆ ಒಗ್ಗಿತು, ಏಕೆಂದರೆ ಎರಡರಲ್ಲೂ ಅದು ಮಾಡಬೇಕಾದ ಕೆಲಸ ಒಂದೇ: ಮಳೆಯಲ್ಲಿ ತೊಳೆದುಹೋಗದೆ ಕಾಯಿಯ ಮೈಮೇಲೆ ತಾಮ್ರದ ತೆಳು ಪದರವಾಗಿ ಕೂರುವುದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಆ ಅಂಟುವ ಗುಣವೇ ಮದ್ದಿನ ಅರ್ಧ ಜೀವ.

ಶೇಕಡಾ 1ರ ಮದ್ದಿಗೆ ಅಳತೆ ಎಲ್ಲರಿಗೂ ಬಾಯಿಪಾಠ: 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತನ್ನು 50 ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಕರಗಿಸಬೇಕು. ಕಬ್ಬಿಣದ ಡ್ರಮ್ಮಾದರೆ ತಾಮ್ರವೆಲ್ಲ ಅದರ ಗೋಡೆಗೆ ಹತ್ತಿಕೊಂಡು ಮದ್ದು ಸತ್ತುಹೋಗುತ್ತದೆ. ಇನ್ನೊಂದು ಪಾತ್ರೆಯಲ್ಲಿ ಉಳಿದ 50 ಲೀಟರ್‌ನಲ್ಲಿ ಸುಣ್ಣದ ಹಾಲು. ತುತ್ತಿನ ನೀರನ್ನು ಸುಣ್ಣದ ಹಾಲಿಗೆ ನಿಧಾನವಾಗಿ ಹೊಯ್ಯುತ್ತಾ ಕದಡಬೇಕು. ಸುಣ್ಣದ ಹಾಲನ್ನು ತುತ್ತಿನ ನೀರಿಗೆ ಹೊಯ್ದರೆ ಕಣಗಳು ಒರಟಾಗಿ ಗಟ್ಟಿಕಟ್ಟುತ್ತವೆ, ಕಾಯಿಗೆ ಅಂಟುವುದಿಲ್ಲ.

ತಪ್ಪು ಆಗುವುದು ಸುಣ್ಣದಲ್ಲಿ. ಈ ಅಳತೆ ಹುಟ್ಟಿದ್ದು ಸುಟ್ಟ ಸುಣ್ಣಕ್ಕೆ, ಎಂದರೆ ನೀರು ಹಾಕಿದೊಡನೆ ಕುದಿದು ಅರಳುವ ಗಟ್ಟಿಗೆ. ಈಗ ಪೇಟೆಯಲ್ಲಿ ಸುಲಭವಾಗಿ ಸಿಗುವುದು ಆಗಲೇ ಅರಳಿಸಿ ಚೀಲ ತುಂಬಿದ ಪುಡಿ. ಎರಡಕ್ಕೂ ಹೆಸರು ಸುಣ್ಣವೇ. ಆದರೆ ಲೆಕ್ಕ ಬೇರೆ: 56 ಭಾಗ ಸುಟ್ಟ ಸುಣ್ಣ ನೀರು ಕುಡಿದು 74 ಭಾಗ ಅರಳಿದ ಸುಣ್ಣವಾಗುತ್ತದೆ. ಹಾಗಾಗಿ 1 ಕಿಲೋ ಗಟ್ಟಿಯ ಕೆಲಸಕ್ಕೆ ಒಳ್ಳೆಯ ಪುಡಿಯೇ ಆದರೂ ಸುಮಾರು 1.3 ಕಿಲೋ ಬೇಕು. ಚೀಲ ಹಳೆಯದಾದರೆ ಇನ್ನೂ ಕಷ್ಟ. ಗಾಳಿಯ ಇಂಗಾಲಾಮ್ಲ ಹೀರಿ ಪುಡಿ ನಿಧಾನವಾಗಿ ಸೀಮೆಸುಣ್ಣವಾಗುತ್ತದೆ. ನೋಡಲು ಅದೇ ಬಿಳಿ, ತುತ್ತಿನ ಆಮ್ಲತೆಯನ್ನು ಬೇಗ ಕೊಲ್ಲುವ ಶಕ್ತಿ ಇಲ್ಲ. ಉಳಿದ ಆಮ್ಲ ಎಳೆ ಕಾಯಿಯನ್ನು ಸುಡುತ್ತದೆ. ವಾರದೊಳಗೆ ಬುಡದಲ್ಲಿ ಕಾಯಿ ಉದುರಿ ಬಿದ್ದಾಗ ದೂರು ತುತ್ತಿನ ಕಂಪೆನಿಯ ಮೇಲೆ ಹೋಗುತ್ತದೆ, ಅಥವಾ ಕೊಳೆಯೇ ಬಂತೆಂದು ಮತ್ತೊಮ್ಮೆ ಅದೇ ಮದ್ದು ಬಿಡುತ್ತಾರೆ.

ಪರೀಕ್ಷೆ ಕಷ್ಟವಿಲ್ಲ. ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಒಂದು ನಿಮಿಷ ಮದ್ದಿನಲ್ಲಿ ಅದ್ದಿ ತೆಗೆಯಿರಿ. ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ. ಸುಣ್ಣದ ತಿಳಿ ಸೇರಿಸುತ್ತಾ ಹೋಗಿ, ಅಲಗು ಬಿಳಿಯಾಗಿಯೇ ಬರುವವರೆಗೆ. ಅಳತೆಯನ್ನು ಮರೆತರೂ ಈ ಪರೀಕ್ಷೆಯನ್ನು ಮರೆಯಬಾರದು, ಯಾವ ಸುಣ್ಣ ಬಂದರೂ ಅದು ತನ್ನ ಕೆಲಸ ಮಾಡಿತೋ ಇಲ್ಲವೋ ಎಂದು ಹೇಳುವುದು ಇದೇ. ಮಾಡಿದ ಮದ್ದನ್ನು ಅದೇ ದಿನ ಮುಗಿಸಬೇಕು. ಮರುದಿನಕ್ಕೆ ಇಟ್ಟರೆ ಕಣ ದಪ್ಪವಾಗಿ ಅಂಟು ಹೋಗುತ್ತದೆ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ. ಇಷ್ಟೆಲ್ಲ ರಗಳೆ ಬೇಡವೆಂದು ಪುಡಿರೂಪದ ಕಾಪರ್ ಆಕ್ಸಿಕ್ಲೋರೈಡನ್ನು ಲೀಟರಿಗೆ 3 ಗ್ರಾಂ ಕಲಸಿ ಬಿಡುವವರಿದ್ದಾರೆ. ಅದರಲ್ಲೂ ತಾಮ್ರವಿದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಹೊಡೆಯುವಾಗ ಕಾಯಿಯ ಮೇಲೆ ನಿಲ್ಲುವ ಹಟ ಅದಕ್ಕೆ ಕಡಿಮೆ.

ಕಣ್ಣು ಮತ್ತು ಕೈ

ಮರ ಹತ್ತುವವರು ಸಿಗದಾದಾಗ ಕಾರ್ಬನ್ ಫೈಬರಿನ ದೋಟಿ ಬಂತು. ನೆಲದ ಮೇಲೆ ನಿಂತು 60–70 ಅಡಿ ಎತ್ತರದ ಗೊನೆಗೆ ಮದ್ದು ಬಿಡಬಹುದು, ಗೊನೆ ಕೊಯ್ಯಬಹುದು. ಬಿದ್ದು ಸೊಂಟ ಮುರಿದುಕೊಳ್ಳುವ ಭಯ ತಪ್ಪಿತು. ಈ ಬದಲಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಒಂದು ಅಡಿಕೆಗೊನೆಗಿಂತ ಒಬ್ಬನ ಬೆನ್ನುಮೂಳೆ ದೊಡ್ಡದು. ಆದರೆ ಮರ ಹತ್ತಿದವರು ಎರಡು ಕೆಲಸ ಮಾಡುತ್ತಿದ್ದರು. ಕೈ ಮದ್ದು ಬಿಡುತ್ತಿತ್ತು, ಕಣ್ಣು ಮರದ ಮಂಡೆಯನ್ನು ನೋಡುತ್ತಿತ್ತು. ಸುಳಿ ಹಳದಿಯಾಗಿದೆಯೇ, ಎಳೆದರೆ ಕೈಗೆ ಬರುತ್ತದೆಯೇ, ಎಲೆಯಲ್ಲಿ ಚುಕ್ಕಿ ಎದ್ದಿದೆಯೇ ಎಂದು ಇಳಿದು ಬಂದು ಹೇಳುತ್ತಿದ್ದರು. ಕೊಳೆರೋಗದ ಅದೇ ಶಿಲೀಂಧ್ರ ಸುಳಿಗೆ ಇಳಿದರೆ ಮರವೇ ಹೋಗುತ್ತದೆ. ಮೊದಲ ಹಂತದಲ್ಲಿ ಕೊಳೆತ ಭಾಗ ಕೆತ್ತಿ ಶೇಕಡಾ 10ರ ಬೋರ್ಡೋ ಮುಲಾಮು (100 ಗ್ರಾಂ ತುತ್ತು, 100 ಗ್ರಾಂ ಸುಣ್ಣ, 1 ಲೀಟರ್ ನೀರು) ಹಚ್ಚಿದರೆ ಮರ ಉಳಿದೀತು. ದೋಟಿಗೆ ಕಣ್ಣಿಲ್ಲ. ಆ ಕಣ್ಣಿನ ಕೆಲಸವನ್ನು ಬೇರೆಯಾಗಿ ಇನ್ನೊಬ್ಬರಿಗೆ ಒಪ್ಪಿಸಬೇಕು: ಮಳೆಗಾಲದ ಕೊನೆಯಲ್ಲಿ ಒಮ್ಮೆಯಾದರೂ ಪ್ರತಿ ಮರದ ಸುಳಿ ನೋಡಿಸಬೇಕು, ಏರುವ ಯಂತ್ರದಿಂದಾದರೂ ಸರಿ.

ಇನ್ನೊಂದು ಮಾತು ಹೇಳಲೇಬೇಕು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಹಗುರ, ಕಪ್ಪು, ಪ್ಲಾಸ್ಟಿಕ್‌ನಂತೆ ಕಾಣುವ ಆ ಕೋಲು ತಂತಿಗೆ ತಾಗಿದರೆ ಕಬ್ಬಿಣದ ಸರಳಿನ ಹಾಗೆಯೇ ಕೊಲ್ಲುತ್ತದೆ. ಒಣ ಬಿದಿರಿನ ದೋಟಿ ಹಿಡಿದು ಅಭ್ಯಾಸವಾದ ಕೈಗೆ ಈ ಭಯ ಹೊಸತು. ತೋಟದ ಮೇಲೆ ತಂತಿ ಹಾದಿದ್ದರೆ ದೋಟಿಯ ಪೂರ್ಣ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಮಾತ್ರ ಕೆಲಸ. ಅದು ಸಾಧ್ಯವಿಲ್ಲದ ಸಾಲಿನ ಮರಗಳಿಗೆ ಲೈನ್ ಆಫ್ ಮಾಡಿಸಿಯೇ ಕೈ ಹಾಕಬೇಕು.

ಆಳಿಗೆ ಯಂತ್ರ ಬದಲಿಯಾದಾಗ ಕಣ್ಣು ಕಳೆದುಹೋದದ್ದರ ಅತಿ ಕ್ರೂರ ಉದಾಹರಣೆ ಇದೇ ಜಿಲ್ಲೆಯಲ್ಲಿದೆ. ಗೇರು ತೋಟದ ಟೀ ಸೊಳ್ಳೆ ಎಂಬ ರಸಹೀರುವ ಕೀಟಕ್ಕೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಮರಮರಕ್ಕೆ ಕೈಯಿಂದ ಬಿಡುವ ಬದಲು ಹೆಲಿಕಾಪ್ಟರಿನಿಂದ ಸುರಿಯಲಾಯಿತು, 1970ರ ದಶಕದ ಕೊನೆಯಿಂದ 2000ದವರೆಗೆ. ಕೈಪಂಪು ಹಿಡಿದವನಿಗೆ ಹಳ್ಳ ಕಾಣುತ್ತದೆ, ಬಾವಿ ಕಾಣುತ್ತದೆ, ಬಟ್ಟೆ ಒಣಗಿಸಿದ ಅಂಗಳ ಕಾಣುತ್ತದೆ. ಅಲ್ಲಿ ಅವನ ಕೈ ನಿಲ್ಲುತ್ತದೆ. ಎಣ್ಮಕಜೆ, ಪಡ್ರೆಯಂಥ ಊರುಗಳಲ್ಲಿ ಗುಡ್ಡೆಯ ಮೇಲೆ ಗೇರು, ಅಡಿಯಲ್ಲಿ ಮನೆ, ನಡುವೆ ತೆರೆದ ತೋಡು. ಮೇಲೆ ಬಿದ್ದದ್ದು ಕೆಳಗೆ ಬರಲೇಬೇಕು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೇ ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಹಣ ಯಾವುದಕ್ಕೆ ಬದಲಿ ಎಂಬ ಪ್ರಶ್ನೆಯನ್ನು ಆ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರ ಮುಂದೆ ಕೇಳಲಾಗದು.

ಟೀ ಸೊಳ್ಳೆ ಮಾತ್ರ ಹೋಗಿಲ್ಲ. ಚಿಗುರು, ಹೂ, ಎಳೆ ಬೀಜ, ಈ ಮೂರು ಹಂತದಲ್ಲೂ ಅದು ರಸ ಹೀರುತ್ತದೆ. ಈಗ ಹೆಚ್ಚಾಗಿ ಬಿಡುವ ಲ್ಯಾಂಬ್ಡಾ ಸೈಹಲೋತ್ರಿನ್ (5 ಇ.ಸಿ., ಲೀಟರಿಗೆ 0.6 ಮಿ.ಲೀ.) ಎಂಡೋಸಲ್ಫಾನಿನಂತೆ ವರ್ಷಗಟ್ಟಲೆ ಉಳಿಯುವ ಜಾತಿಯದ್ದಲ್ಲ, ಆದರೆ ಜೇನಿಗೂ ಮೀನಿಗೂ ಉಗ್ರ ವಿಷ. ಹೂವಿನ ಹಂತದಲ್ಲಿ ಬಿಡುವುದಾದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ. ತೋಡಿನ ಅಂಚಿನ ಸಾಲನ್ನು ಬಿಟ್ಟುಬಿಡಬೇಕು. ಕೆಂಪು ಚಗಳಿ ಇರುವೆ ಗೂಡುಕಟ್ಟಿದ ಗೇರುಮರದಲ್ಲಿ ಸೊಳ್ಳೆಯ ಕಾಟ ಕಡಿಮೆ. ಕೊಯ್ಲಿನವರು ಬೈದರೂ ಆ ಗೂಡುಗಳನ್ನು ಉಳಿಸಿಕೊಳ್ಳುವುದು ಲಾಭ.

ನೀರು ಹೇಳುತ್ತಿದ್ದ "ಇಲ್ಲ"

ಬಾಯಾರು, ಪೆರ್ಲ ಕಡೆಯ ಮುರಕಲ್ಲಿನ ಗುಡ್ಡೆಗಳಲ್ಲಿ ಸುರಂಗ ಕೊರೆದು ನೀರು ತೆಗೆಯುವುದು ಈ ಸೀಮೆಯದ್ದೇ ವಿದ್ಯೆ. ಒಬ್ಬ ಮನುಷ್ಯ ಬಾಗಿ ನಡೆಯುವಷ್ಟು ಎತ್ತರ, ಭುಜ ತೂರುವಷ್ಟು ಅಗಲ, ನೀರು ತಾನಾಗಿ ಹೊರಗೆ ಹರಿಯುವಂತೆ ಒಳಗೆ ಹೋದಂತೆ ಸ್ವಲ್ಪ ಏರು. ಒಳಗಿನ ಗಾಳಿ ನೋಡಲು ಮೊಂಬತ್ತಿ. ಅದು ನಂದಿದರೆ ಹೊರಗೆ ಬರಬೇಕು. ಮುರಕಲ್ಲು ಗಟ್ಟಿ, ಅದರಡಿಯ ಶೇಡಿಮಣ್ಣು ಮೆದು. ಶೇಡಿಗೆ ಇಳಿದರೆ ಸುರಂಗ ಕುಸಿಯುತ್ತದೆ. ಕರೆಂಟು ಬೇಡ, ಪಂಪು ಬೇಡ, ತೆರಿಗೆಯಿಲ್ಲದ ನೀರು.

ಕೊಳವೆಬಾವಿ ಇದಕ್ಕೆ ಬದಲಿಯಾಗಿ ಬಂತು. ಹೆಚ್ಚು ನೀರು ಕೊಟ್ಟಿತು, ಅದರಲ್ಲಿ ಸುಳ್ಳಿಲ್ಲ. ಆದರೆ ಸುರಂಗ ಕೊಡುತ್ತಿದ್ದ ಒಂದು ಸಂಗತಿಯನ್ನು ಅದು ಕೊಡುವುದಿಲ್ಲ: ಎಚ್ಚರಿಕೆ. ಫೆಬ್ರವರಿಯಲ್ಲಿ ಸುರಂಗದ ಧಾರೆ ಸಣ್ಣದಾಗುತ್ತದೆ, ಮಾರ್ಚಿನಲ್ಲಿ ದಾರವಾಗುತ್ತದೆ, ಏಪ್ರಿಲಿನಲ್ಲಿ ತೊಟ್ಟಿಕ್ಕುತ್ತದೆ. ಅದನ್ನು ನೋಡಿದವರು ತೋಟವನ್ನು ನೀರಿನಷ್ಟೇ ಅಗಲಕ್ಕೆ ನಿಲ್ಲಿಸುತ್ತಿದ್ದರು. ಕೊಳವೆಬಾವಿ ಕೊನೆಯ ದಿನದವರೆಗೂ ಅದೇ ರಭಸದಲ್ಲಿ ಕೊಡುತ್ತದೆ, ಒಂದು ಮಧ್ಯಾಹ್ನ ಗಾಳಿ ಎಳೆಯುತ್ತದೆ. ಆ ಹೊತ್ತಿಗೆ ಗುಡ್ಡೆಯ ನೆತ್ತಿಯವರೆಗೆ ಅಡಿಕೆ ಏರಿರುತ್ತದೆ. ಅಷ್ಟೇ ಅಲ್ಲ, ಸುರಂಗ ಕುಡಿಯುತ್ತಿದ್ದುದು ಆ ವರ್ಷದ ಮಳೆ ಗುಡ್ಡೆಯಲ್ಲಿ ಇಂಗಿದ್ದನ್ನು; ಕೊಳವೆಬಾವಿ ಕಲ್ಲಿನ ಬಿರುಕಿನಲ್ಲಿ ಬಹುಕಾಲದಿಂದ ಕೂಡಿಟ್ಟದ್ದನ್ನು. ದಿನಖರ್ಚಿಗೆ ಇಡುಗಂಟನ್ನು ಬದಲಿ ಮಾಡಿದ ಹಾಗೆ. ಏತಡ್ಕದಲ್ಲಿ ಮಳೆಗಾಲ ಮುಗಿದ ಮೇಲೆ ತೋಡಿಗೆ ಸಾಲಾಗಿ ಕಟ್ಟ (ತಾತ್ಕಾಲಿಕ ಒಡ್ಡು) ಕಟ್ಟುತ್ತಾರೆ. ಒಂದು ಕಟ್ಟದ ನೀರು ಸುತ್ತಲಿನ ಬಾವಿ, ಸುರಂಗಗಳಿಗೂ ಇಂಗುತ್ತದೆ. ಕೊಳವೆಬಾವಿ ಇರುವವರೂ ಕಟ್ಟದ ಕೆಲಸಕ್ಕೆ ಕೈ ಜೋಡಿಸಬೇಕಾದದ್ದು ಇದಕ್ಕಾಗಿ.

ಚೀಟಿ ಮಂಗಳೂರಿನದ್ದು, ಅಂಗಡಿ ಕುಂಬಳೆಯದ್ದು

ಜಿಲ್ಲೆಯ ಉತ್ತರ ಭಾಗದವರು ದೊಡ್ಡ ಕಾಯಿಲೆಗೆ ಹೋಗುವುದು ಮಂಗಳೂರಿಗೆ. ಅಲ್ಲಿ ಬರೆದ ಬ್ರ್ಯಾಂಡ್ ಇಲ್ಲಿನ ಅಂಗಡಿಯಲ್ಲಿ ಇರಬೇಕೆಂದಿಲ್ಲ. "ಸೇಮ್ ಸಾಲ್ಟ್, ಕಂಪೆನಿ ಬೇರೆ" ಎಂಬ ಮಾತು ಆಗ ಬರುತ್ತದೆ. ಬಹಳಷ್ಟು ಮದ್ದುಗಳಿಗೆ ಇದು ಸರಿಯೇ. ಜನೌಷಧಿ ಅಂಗಡಿಯ ಮಾತ್ರೆ ಅಗ್ಗವಾದ್ದರಿಂದ ಕೆಟ್ಟದ್ದಲ್ಲ. ಆದರೆ 1945ರ ಔಷಧ ನಿಯಮಗಳ 65ನೇ ನಿಯಮದ ಪ್ರಕಾರ ಷೆಡ್ಯೂಲ್ ಎಚ್ ಮದ್ದುಗಳಲ್ಲಿ (ವೈದ್ಯರ ಚೀಟಿಯಿದ್ದರೆ ಮಾತ್ರ ಮಾರುವಂಥವು) ಅಂಗಡಿಯವರು ಚೀಟಿಯಲ್ಲಿ ಬರೆದದ್ದರ ಬದಲು, ಒಳಗಿನ ಮದ್ದು ಅದೇ ಆಗಿದ್ದರೂ, ತಾವಾಗಿ ಬೇರೊಂದನ್ನು ಕೊಡುವಂತಿಲ್ಲ. ವೈದ್ಯರಿಗೊಂದು ಫೋನು ಮಾಡಿಸಿ ಕೇಳಿ.

ನೋಡಬೇಕಾದದ್ದು ಮದ್ದಿನ ಹೆಸರೊಂದನ್ನೇ ಅಲ್ಲ. ಹೃದಯದ ಮದ್ದಿನ ಚೀಟಿಯಲ್ಲಿ ಮೆಟೊಪ್ರೊಲಾಲ್ ಎಂದಷ್ಟೇ ಓದಿದರೆ ಸಾಲದು. ಸಕ್ಸಿನೇಟ್ ನಿಧಾನವಾಗಿ ಬಿಡುಗಡೆಯಾಗುವ ರೂಪ, ದಿನಕ್ಕೆ ಒಂದು. ಟಾರ್ಟ್ರೇಟ್ ಬೇಗ ಇಳಿಯುವಂಥದ್ದು, ಸಾಮಾನ್ಯವಾಗಿ ಎರಡು ಹೊತ್ತು. ಸಕ್ಸಿನೇಟಿನ ಜಾಗಕ್ಕೆ ಟಾರ್ಟ್ರೇಟನ್ನು ದಿನಕ್ಕೊಮ್ಮೆ ನುಂಗಿದರೆ ಅರ್ಧ ದಿನ ಹೃದಯಕ್ಕೆ ಕಾವಲಿಲ್ಲ. ಥೈರಾಯ್ಡಿನ ಲೆವೊಥೈರಾಕ್ಸಿನ್, ಅಪಸ್ಮಾರದ ಫೆನಿಟಾಯಿನ್, ರಕ್ತ ತಿಳಿಮಾಡುವ ವಾರ್ಫರಿನ್, ಇವುಗಳಲ್ಲಿ ಸಣ್ಣ ಹೆಚ್ಚುಕಡಿಮೆಯೂ ಮೈಗೆ ತಿಳಿಯುತ್ತದೆ. ಒಂದೇ ಕಂಪೆನಿಯದ್ದನ್ನು ಹಿಡಿದುಕೊಳ್ಳುವುದು ಒಳ್ಳೆಯದು. ಬದಲಾಯಿಸಲೇಬೇಕಾದರೆ ವೈದ್ಯರಿಗೆ ತಿಳಿಸಬೇಕು. ಥೈರಾಯ್ಡಿನದ್ದಾದರೆ 6–8 ವಾರದ ಮೇಲೆ ರಕ್ತದ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು.

ಎಲ್ಲಕ್ಕಿಂತ ಅಪಾಯದ ಬದಲಿ ಇನ್ಸುಲಿನ್ ಸಿರಿಂಜಿನದ್ದು. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಜ್ 100 ಯೂನಿಟ್. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಪೆನ್ನು ಕೆಟ್ಟಿತೆಂದು ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ರಾತ್ರಿ ಮಲಗಿದವರು ಬೆಳಗ್ಗೆ ಏಳದಿರಬಹುದು. ಬಾಟಲಿಯ ಇನ್ಸುಲಿನನ್ನು ಕಿತ್ತಳೆ ಮುಚ್ಚಳದ ಸಿರಿಂಜಿಗೆ ಎಳೆದರೆ 20ರ ಜಾಗದಲ್ಲಿ 8. ಸಿರಿಂಜಿಗೆ ಸಿರಿಂಜು ಬದಲಿ ಎಂದು ಮಕ್ಕಳ ಕೈಯಲ್ಲಿ ತರಿಸುವ ಮನೆಗಳಲ್ಲಿ ಬಾಟಲಿಯ ಖಾಲಿ ಡಬ್ಬವನ್ನೂ ಜೊತೆಗೆ ಕಳುಹಿಸಬೇಕು.

ಆದೇಶ

ಬದಲಿ ಗೆಲ್ಲುವುದು ಎಲ್ಲಿ? ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ನಾಡಿನಲ್ಲಿ ಉತ್ತರ ಚೌಕಿಯಲ್ಲಿದೆ, ಎಂದರೆ ವೇಷ ಕಟ್ಟುವ ಕೋಣೆಯಲ್ಲಿ. ಒಬ್ಬ ಕಲಾವಿದರು ಬಾರದಿದ್ದರೆ ಇನ್ನೊಬ್ಬರು ಅದೇ ರಾತ್ರಿ ಆ ವೇಷ ಮಾಡುತ್ತಾರೆ, ಆಟ ನಿಲ್ಲುವುದಿಲ್ಲ. ಪದ್ಯ ಭಾಗವತರ ಬಳಿ ಇದೆ, ನಡೆ ಎಲ್ಲರಿಗೂ ಗೊತ್ತಿದೆ, ಅರ್ಥ, ಎಂದರೆ ಪಾತ್ರದ ಮಾತು, ಬಂದವರ ಸ್ವಂತದ್ದು. ಆದರೂ ರಾಕ್ಷಸನ ಬಣ್ಣದ ವೇಷಕ್ಕೆ ಕೊನೆ ಗಳಿಗೆಯ ಬದಲಿ ಇಲ್ಲ. ಮುಖದ ಮೇಲೆ ಚುಟ್ಟಿ ಇಡಲಿಕ್ಕೇ ಗಂಟೆಗಟ್ಟಲೆ ಬೇಕು. ಎಳೆಯ ವೀರರ ಪುಂಡುವೇಷಕ್ಕೆ ಬಾಯಿಯಿದ್ದರೆ ಸಾಲದು, ಧೀಂಗಿಣ ಹಾರುವ ಕಾಲು ಬೇಕು. ಯಾವ ವೇಷಕ್ಕೆ ಏನೇನು ಬೇಕೆಂಬ ಲೆಕ್ಕ ಚೌಕಿಯಲ್ಲಿ ಎಲ್ಲರಿಗೂ ತಿಳಿದಿರುವುದರಿಂದಲೇ ಅಲ್ಲಿ ಬದಲಿ ಎಡವುವುದಿಲ್ಲ.

ವ್ಯಾಕರಣದಲ್ಲಿ ಬದಲಿಗೆ ಆದೇಶ ಎಂದೇ ಹೆಸರು. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಕ ಹೋಗಿ ಗ ಬಂತು, ತ ಹೋಗಿ ದ, ಪ ಹೋಗಿ ಬ. ಹೋದದ್ದೂ ಬಂದದ್ದೂ ಬಾಯಿಯ ಒಂದೇ ಜಾಗದಲ್ಲಿ ಹುಟ್ಟುವ ಅಕ್ಷರಗಳು, ಹಾಗಾಗಿ ಪದ ಕೆಡಲಿಲ್ಲ. ಪಾಣಿನಿ ಇದನ್ನೇ ಸೂತ್ರ ಮಾಡಿದ್ದಾನೆ: ಇರುವವುಗಳಲ್ಲಿ ಅತ್ಯಂತ ಹತ್ತಿರದ್ದೇ ಬದಲಿಯಾಗಬೇಕು. ಇನ್ನೊಂದು ಸೂತ್ರದಲ್ಲಿ, ಬದಲಿಗೆ ಮೂಲದ ಸ್ಥಾನಮಾನವೆಲ್ಲ ಸಿಗುತ್ತದೆ, ಆದರೆ ಮೂಲದ ಧ್ವನಿಯನ್ನು ನಂಬಿಕೊಂಡ ಕಾರ್ಯಗಳು ಮಾತ್ರ ಸಿಗುವುದಿಲ್ಲ ಎನ್ನುತ್ತಾನೆ. ಕನ್ನಡ ತರಗತಿಗೆ ನೇಮಕವಾಗುವ ಕನ್ನಡ ಬಾರದ ಅಧ್ಯಾಪಕರ ಸ್ಥಿತಿಯನ್ನು ಇದಕ್ಕಿಂತ ನಿಖರವಾಗಿ ಹೇಳಲಾಗದು. ಸಂಬಳ, ಹಾಜರಿ, ಹುದ್ದೆಯ ಹೆಸರು ಎಲ್ಲ ಅವರಿಗೆ ಬರುತ್ತದೆ. ಧ್ವನಿಯಿಂದ ಆಗಬೇಕಾದ ಕೆಲಸ ನಿಂತುಹೋಗುತ್ತದೆ.

ಆ ಕೆಲಸ ಯಾವುದೆಂದು ಬಿಡಿಸಿ ನೋಡಿದರೆ ಗಾಬರಿಯಾಗುತ್ತದೆ. ಗಣಿತಕ್ಕೆ ಭಾಷೆ ಯಾಕೆ ಎನ್ನುವವರಿದ್ದಾರೆ. ಕನ್ನಡ ಪುಸ್ತಕದಲ್ಲಿ ಲ.ಸಾ.ಅ., ಮ.ಸಾ.ಅ. (ಎಲ್‌ಸಿಎಂ, ಎಚ್‌ಸಿಎಫ್); ಮಲಯಾಳದಲ್ಲಿ ಅದೇ ಲ.ಸಾ.ಗು., ಉ.ಸಾ.ಘ. ವಿಜ್ಞಾನದಲ್ಲಿ ಮಗುವಿನ ಪುಸ್ತಕ ದ್ಯುತಿಸಂಶ್ಲೇಷಣೆ ಎನ್ನುತ್ತದೆ, ಅಧ್ಯಾಪಕರ ಬಾಯಲ್ಲಿ ಪ್ರಕಾಶಸಂಶ್ಲೇಷಣಂ. ಇವು ಬೇರೆ ಎಂದು ಕಿವಿಗೇ ತಿಳಿಯುವುದರಿಂದ ಮಗು ಕೇಳೀತು. ಕೇಳಲೂ ತೋಚದ ಅಪಾಯ ಎರಡೂ ಭಾಷೆಯಲ್ಲಿ ಒಂದೇ ರೂಪದಲ್ಲಿದ್ದು ಅರ್ಥ ಬೇರೆಯಾದ ಪದಗಳಲ್ಲಿದೆ. ಮಲಯಾಳದಲ್ಲಿ ವ್ಯವಸಾಯಂ ಎಂದರೆ ಕೈಗಾರಿಕೆ, ನಮಗೆ ವ್ಯವಸಾಯ ಎಂದರೆ ಬೇಸಾಯ. ಸಮಾಜ ವಿಜ್ಞಾನದ ತರಗತಿಯಲ್ಲಿ ಇಂಗ್ಲೆಂಡಿನ ವ್ಯವಸಾಯ ವಿಪ್ಲವ ಎಂದು ಕೇಳಿದ ಮಗು ಹಬೆಯಂತ್ರದ ಬದಲು ಗದ್ದೆಯನ್ನು ಊಹಿಸಿಕೊಳ್ಳುತ್ತದೆ, ತಪ್ಪಾಯಿತೆಂದು ಅದಕ್ಕೆ ಗೊತ್ತೇ ಆಗುವುದಿಲ್ಲ. ಉಪನ್ಯಾಸಂ ಅವರಲ್ಲಿ ಬರೆಯುವ ಪ್ರಬಂಧ, ನಮ್ಮಲ್ಲಿ ಮಾಡುವ ಭಾಷಣ. ವಿಕಾರಂ ಅಲ್ಲಿ ಭಾವನೆ, ಇಲ್ಲಿ ಕುರೂಪ. ಅನುವಾದಂ ಅಲ್ಲಿ ಅನುಮತಿ, ಇಲ್ಲಿ ಭಾಷಾಂತರ. ಇದು ಸುಟ್ಟ ಸುಣ್ಣಕ್ಕೂ ಚೀಲದ ಸುಣ್ಣಕ್ಕೂ ಒಂದೇ ಹೆಸರಿದ್ದ ಹಾಗೆಯೇ. ಆದರೆ ಇಲ್ಲಿ ಅದ್ದಿ ನೋಡುವ ಕತ್ತಿಯಲಗು ಮಗುವಿನ ಕೈಯಲ್ಲಿಲ್ಲ. ಪರೀಕ್ಷೆ ಎಸ್ಸೆಸೆಲ್ಸಿಯಲ್ಲೇ ಆಗುವುದು.

ಮಲಯಾಳ ಕಲಿಯುವುದು ಬೇಡವೆಂದು ಇಲ್ಲಿ ಯಾರೂ ವಾದಿಸಬೇಕಾಗಿಲ್ಲ. ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ ಒಂದೇ ಬಸ್ಸಿನಲ್ಲಿ ಕೇಳುವ ಜಿಲ್ಲೆ ಇದು. ಇನ್ನೊಂದು ಭಾಷೆ ಹೆಚ್ಚಿಗೆ ಬಂದರೆ ಒಳ್ಳೆಯದೇ. ಹೆಚ್ಚಿಗೆ ಬರುವುದು ಬೇರೆ, ಬದಲಿಗೆ ಬರುವುದು ಬೇರೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂಬ ಸಂವಿಧಾನದ 350ಎ ವಿಧಿ ಸೇರಿದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ. ನೇಮಕಾತಿಯಲ್ಲಿ ಆಗಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ: ಕನ್ನಡ ಮಾಧ್ಯಮದ ಹುದ್ದೆಗೆ ಬರುವವರಿಂದ ಅದೇ ತರಗತಿಯ ಪಠ್ಯದ ಒಂದು ಪುಟ ಓದಿಸಿ, ಕನ್ನಡದಲ್ಲಿ ವಿವರಿಸಲು ಹೇಳಿ, ಮಗುವೊಂದರ ಉತ್ತರಪತ್ರಿಕೆ ತಿದ್ದಿಸಿ ನೋಡುವುದು. ಅರ್ಧ ಗಂಟೆಯ ಕೆಲಸ. ಅಧ್ಯಾಪಕರಿಗೂ ಇದರಿಂದ ಉಪಕಾರವೇ. ಅರ್ಥವಾಗದ ತರಗತಿಯ ಮುಂದೆ ವರ್ಷವಿಡೀ ನಿಲ್ಲುವುದು ಅವರಿಗೂ ಶಿಕ್ಷೆ.

ಕಚೇರಿಯಲ್ಲೂ ಇದೇ ಪದಗಳು ಕಾಯುತ್ತಿರುತ್ತವೆ. ಜಾಗದ ಕಾಗದದಲ್ಲಿ ಆಧಾರಂ ಎಂದರೆ ಆಧಾರ್ ಕಾರ್ಡಲ್ಲ, ನೋಂದಾಯಿತ ಕ್ರಯಪತ್ರ. ಪ್ರಮಾಣಂ ಕೇಳಿದರೆ ಪ್ರಮಾಣವಚನ ಕೇಳಿದ್ದಲ್ಲ, ದಾಖಲೆ. ಅಪೇಕ್ಷ ಎಂದರೆ ಅರ್ಜಿ. ಅವಕಾಶಂ ಎಂದರೆ ಹಕ್ಕು. ಈ ಕೊನೆಯದನ್ನು ಗಮನಿಸಿ: ಅವಕಾಶಂ ಎಂದು ಬರೆದ ಕಡೆ ಕನ್ನಡದ ಕಣ್ಣಿನಿಂದ ಓದಿದವರು ತಮಗೇನೋ ಅನುಕೂಲ ಕೊಟ್ಟಿದ್ದಾರೆಂದು ತಿಳಿಯುತ್ತಾರೆ, ಕಾನೂನು ಹೇಳಿದ್ದು ಅದು ನಿಮ್ಮದೇ ಎಂದು. ಸಹಿ ಹಾಕುವ ಮುಂಚೆ ಇಂಥ ಒಂದೊಂದು ಪದಕ್ಕೂ ಬೆರಳಿಟ್ಟು ಅರ್ಥ ಕೇಳಿಕೊಳ್ಳಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಲು, ಕನ್ನಡದಲ್ಲೇ ಉತ್ತರ ಪಡೆಯಲು ಎಡೆಯಿದೆ. ಅರ್ಜಿಯನ್ನು ಕನ್ನಡದಲ್ಲಿ ಬರೆದು, ಎರಡನೇ ಪ್ರತಿಗೆ ದಿನಾಂಕ ಮತ್ತು ಮೊಹರು ಹಾಕಿಸಿಕೊಂಡು, ಉತ್ತರವೂ ಕನ್ನಡದಲ್ಲಿ ಬೇಕೆಂದು ಕೊನೆಯ ಸಾಲಿನಲ್ಲಿ ಬರೆಯಿರಿ. ಮಲಯಾಳದ ಉತ್ತರ ಬಂದರೆ ಆ ಮೊಹರಿನ ಪ್ರತಿಯ ನಕಲನ್ನು ಜೋಡಿಸಿ ಮತ್ತೊಮ್ಮೆ ಕಳುಹಿಸಿ.